ದಿನಬಳಕೆಯ ಪಿಕಪ್ ಗಾಡಿಗೆ ಬದಲಾವಣೆ: ಗ್ಯಾರೇಜಿಗೆ ಹೋಗುವ ಮುನ್ನ ಒಂದಿಷ್ಟು ಲೆಕ್ಕ



ಪಶುವೈದ್ಯರಿಗೂ ಪಿಕಪ್ ಗಾಡಿಗೂ ಏನು ಸಂಬಂಧ ಎಂದು ತಮಗೆ ಅನ್ನಿಸಬಹುದು. 2005ರಲ್ಲಿ ಟಾಟಾ ಏಸ್ ರಸ್ತೆಗೆ ಬಂದ ಮೇಲೆ, ಎತ್ತಿನ ಗಾಡಿ ನಿಲ್ಲುತ್ತಿದ್ದ ಅಂಗಳಗಳಲ್ಲಿ ಇಂಥ ಸಣ್ಣ ಸರಕು ಗಾಡಿಗಳು ಬಂದು ನಿಂತವು. ಇಂದು ಅನೇಕ ಸದಸ್ಯರ ಮನೆಯಲ್ಲಿ ಬೆಳಿಗ್ಗೆ ಹಾಲಿನ ಕ್ಯಾನು, ಆಮೇಲೆ ಹಸಿರು ಮೇವು, ಮಧ್ಯಾಹ್ನ ಪಶು ಆಹಾರದ ಚೀಲ, ಬೇಸಿಗೆಯಲ್ಲಿ ನೀರಿನ ಟ್ಯಾಂಕು, ಸಂತೆಯ ದಿನ ಹಸು ಎಲ್ಲವನ್ನೂ ಅದೇ ಒಂದು ಗಾಡಿ ಹೊರುತ್ತದೆ. ಆ ಗಾಡಿಯಲ್ಲಿ ಜಾರಿ ಬಿದ್ದು ಸೊಂಟ ಕಳಚಿಕೊಂಡ ಹಸು, ಕಬ್ಬಿಣದ ಅಂಚಿಗೆ ಮೊಲೆತೊಟ್ಟು ಸೀಳಿಸಿಕೊಂಡ ಹಸು ಕೊನೆಗೆ ಬರುವುದು ನಮ್ಮ ಬಳಿಗೇ. ಆದ್ದರಿಂದ ಈ ಬರಹ.

ಹೊಸ ಗಾಡಿ ತಂದು ಆರು ತಿಂಗಳಾಗುವಷ್ಟರಲ್ಲಿ ಅದಕ್ಕೆ ಏನಾದರೂ ಸೇರಿಸಬೇಕು ಎನ್ನುವ ಆಸೆ ಹುಟ್ಟುತ್ತದೆ. ಹಿಂದೆ ಎರಡು ಸ್ಪ್ರಿಂಗ್ ಪ್ಲೇಟು ಹೆಚ್ಚಿಸೋಣ, ದಪ್ಪ ಟೈರು ಹಾಕೋಣ, ಎಳೆತ ಜಾಸ್ತಿ ಮಾಡಿಸೋಣ, ದೊಡ್ಡ ಲೈಟು ಕಟ್ಟೋಣ. ಆಸೆ ತಪ್ಪಲ್ಲ. ಆದರೆ ಹೆಚ್ಚಿನವರು ಮೊದಲು ಮಾಡಿಸುವುದು ಎಳೆತ, ಕೊನೆಗೆ ನೆನಪಿಗೆ ಬರುವುದು ಬ್ರೇಕು. ಇದು ಹಸುವಿಗೆ ಹಿಂಡಿ ದುಪ್ಪಟ್ಟು ಮಾಡಿ ಕುಡಿಯಲು ನೀರಿಡುವುದನ್ನು ಮರೆತ ಹಾಗೆ.

ಗಾಡಿ ಎಷ್ಟು ಹೊರುತ್ತಿದೆ?

ಒಂದು ವಾರ ಗಾಡಿಯಲ್ಲಿ ಏನೇನು ಹೋಯಿತು ಎಂಬುದನ್ನು ಹಾಲಿನ ಪಾಸ್ ಪುಸ್ತಕದಂತೆ ಬರೆದಿಡಿ. ತೂಕದ ಅಂದಾಜಿಗೆ ತಕ್ಕಡಿ ಬೇಕಿಲ್ಲ. ಒಂದು ಲೀಟರ್ ಹಾಲು ಸುಮಾರು 1.03 ಕಿಲೋ ತೂಗುತ್ತದೆ. 40 ಲೀಟರಿನ ತುಂಬಿದ ಕ್ಯಾನನ್ನು ಡಬ್ಬಿ ಸಹಿತ 50 ಕಿಲೋ ಎಂದು ಹಿಡಿಯಿರಿ. ಪಶು ಆಹಾರದ ಚೀಲ 50 ಕಿಲೋ ಆದರೆ, 20 ಚೀಲಕ್ಕೆ ಒಂದು ಟನ್ನು. ಸಾವಿರ ಲೀಟರಿನ ನೀರಿನ ಟ್ಯಾಂಕೂ ಒಂದು ಟನ್ನೇ. ಮಿಶ್ರತಳಿ ಹಸು 400ರಿಂದ 500 ಕಿಲೋ.

ಆಮೇಲೆ ಆರ್.ಸಿ. ಪುಸ್ತಕ ತೆರೆಯಿರಿ. ಅದರಲ್ಲಿ ಖಾಲಿ ಗಾಡಿಯ ತೂಕ ಒಂದು, ಹೊರೆ ಸಹಿತ ಒಟ್ಟು ತೂಕ ಇನ್ನೊಂದು ಇರುತ್ತದೆ. ಉದಾಹರಣೆಗೆ ಒಟ್ಟು ತೂಕ 2,950 ಕಿಲೋ, ಖಾಲಿ ತೂಕ 1,700 ಕಿಲೋ ಎಂದಿಟ್ಟುಕೊಳ್ಳೋಣ. ವ್ಯತ್ಯಾಸ 1,250 ಕಿಲೋ. ಅದರಲ್ಲಿ ಚಾಲಕ ಹಾಗೂ ಹಸು ನೋಡಿಕೊಳ್ಳುವ ಒಬ್ಬ ಆಳಿಗೆ 130 ಕಿಲೋ ಕಳೆದರೆ ಉಳಿಯುವುದು 1,120. ನೀವು ಹಾಕಿಸಿದ ಕಬ್ಬಿಣದ ಪೈಪಿನ ಚೌಕಟ್ಟು 120 ಕಿಲೋ, ರಬ್ಬರ್ ಮ್ಯಾಟು 40 ಕಿಲೋ ಆದರೆ ಉಳಿದದ್ದು 960. ತಲಾ 450 ಕಿಲೋದ ಎರಡು ಹಸು ಹತ್ತಿಸಿದರೆ 900 ಮುಗಿಯಿತು. ಕೈಯಲ್ಲಿ ಮಿಕ್ಕಿದ್ದು 60 ಕಿಲೋ.

ಈ ಲೆಕ್ಕದಲ್ಲಿ ತಿಳಿಯಬೇಕಾದ ಮಾತೊಂದಿದೆ. ಗಾಡಿಗೆ ಸೇರಿಸುವ ಪ್ರತಿಯೊಂದು ವಸ್ತುವೂ ತಾನೇ ಒಂದು ಹೊರೆ. ಮುಂದೆ ಕಟ್ಟುವ ಕಬ್ಬಿಣದ ಗಾರ್ಡು ದಿನವೂ ಹೊತ್ತು ತಿರುಗುವ ಪಶು ಆಹಾರದ ಚೀಲದ ಹಾಗೆ. ವ್ಯತ್ಯಾಸವೆಂದರೆ ಅದನ್ನು ಯಾವ ಹಸುವೂ ತಿನ್ನುವುದಿಲ್ಲ. ಆ ಗಾರ್ಡುಗಳನ್ನು ತೆಗೆಸಬೇಕೆಂದು ಕೇಂದ್ರ ಸಾರಿಗೆ ಸಚಿವಾಲಯ 2017ರ ಡಿಸೆಂಬರ್‌ನಲ್ಲೇ ರಾಜ್ಯಗಳಿಗೆ ತಿಳಿಸಿತ್ತು.

'ಎಳೆತ ಕಡಿಮೆಯಾಗಿದೆ'

ಹಾಲು ಕಡಿಮೆಯಾಯಿತು, ಟಾನಿಕ್ ಕೊಡಿ ಎಂದು ಸದಸ್ಯರು ಕೇಳಿದಾಗ ನಾವು ತಕ್ಷಣ ಟಾನಿಕ್ ಬರೆಯುವುದಿಲ್ಲ. ಕೆಚ್ಚಲು ನೋಡುತ್ತೇವೆ, ಜಂತು ಇದೆಯೇ ಎಂದು ಸಗಣಿ ನೋಡುತ್ತೇವೆ, ಮೇವು ಬದಲಾಯಿಸಿದಿರಾ ಎಂದು ಕೇಳುತ್ತೇವೆ. ಗಾಡಿಗೂ ಹಾಗೆಯೇ. ಏರಿನಲ್ಲಿ ಎಳೆಯುತ್ತಿಲ್ಲ ಎಂದರೆ ಮೊದಲು ಏರ್ ಫಿಲ್ಟರ್ ತೆಗೆಸಿ ನೋಡಿ. ಮಣ್ಣಿನ ರಸ್ತೆಯಲ್ಲಿ, ಅದರಲ್ಲೂ ಹುಲ್ಲು ಒಕ್ಕುವ ಕಾಲದಲ್ಲಿ, ಪುಸ್ತಕದಲ್ಲಿ ಬರೆದ ಕಿಲೋಮೀಟರಿಗಿಂತ ಬಹಳ ಮೊದಲೇ ಅದು ಕಟ್ಟಿಕೊಳ್ಳುತ್ತದೆ. ನಂತರ ಡೀಸೆಲ್ ಫಿಲ್ಟರ್, ಟೈರಿನ ಗಾಳಿ, ಕ್ಲಚ್ಚು ಜಾರುತ್ತಿದೆಯೇ ಎಂಬುದು. ಸ್ವಲ್ಪ ದೂರ ಓಡಿಸಿ ನಿಲ್ಲಿಸಿ ನಾಲ್ಕೂ ಚಕ್ರದ ಬಳಿ ಕೈ ಹಿಡಿದು ನೋಡಿ. ಒಂದು ಚಕ್ರ ಮಾತ್ರ ಬಹಳ ಕಾವೇರಿದ್ದರೆ ಅಲ್ಲಿ ಬ್ರೇಕು ಕಚ್ಚಿ ಹಿಡಿದಿದೆ. ಗಾಡಿ ಎಳೆಯುತ್ತಿಲ್ಲ ಎಂಬ ದೂರು ಎಷ್ಟೋ ಬಾರಿ ಇಷ್ಟರಲ್ಲೇ ಮುಗಿಯುತ್ತದೆ.

ಇಷ್ಟಾದ ಮೇಲೂ ಸಾಲದು ಎಂದರೆ ಗ್ಯಾರೇಜಿನಲ್ಲಿ ಎರಡು ಸಲಹೆ ಬರುತ್ತವೆ. ಹಳೆಯ ಮೆಕ್ಯಾನಿಕಲ್ ಪಂಪಿನ ಎಂಜಿನ್‌ಗಳಾದರೆ ಪಂಪು ತಿರುಗಿಸಿ ಡೀಸೆಲ್ ಹೆಚ್ಚು ಬಿಡುವುದು. ಡೀಸೆಲ್ ಹೆಚ್ಚಾಯಿತು, ಒಳಗೆ ಹೋಗುವ ಗಾಳಿ ಹೆಚ್ಚಾಗಲಿಲ್ಲ. ಸುಡದೆ ಉಳಿದದ್ದು ಕಪ್ಪು ಹೊಗೆಯಾಗಿ ಹೊರಗೆ ಬರುತ್ತದೆ. ಅದು ಶಕ್ತಿಯ ಗುರುತಲ್ಲ, ನಿಮ್ಮ ದುಡ್ಡು ಹೊಗೆಯಾಗುತ್ತಿರುವ ಗುರುತು. ಹೊರೆ ಹೊತ್ತು ಉದ್ದನೆಯ ಏರು ಹತ್ತುವಾಗ ಒಳಗಿನ ಕಾವು ಏರಿ ಪಿಸ್ಟನ್, ಹೆಡ್ ಗ್ಯಾಸ್ಕೆಟ್ ಹಾಳಾಗುವ ಸಂಭವ ಉಂಟು. ಹೊಟ್ಟೆ ಅರಗಿಸಿಕೊಳ್ಳುವುದಕ್ಕಿಂತ ಹೆಚ್ಚು ಹಿಟ್ಟು ತಿಂದ ಹಸುವಿಗೆ ಹುಳಿ ಅಜೀರ್ಣವಾಗುವುದನ್ನು ನೀವೆಲ್ಲ ನೋಡಿದ್ದೀರಿ.

2020ರ ಏಪ್ರಿಲ್‌ನಿಂದ ಮಾರಾಟವಾದ ಬಿ.ಎಸ್. 6 ಗಾಡಿಗಳಲ್ಲಿ ಡೀಸೆಲ್ ಎಷ್ಟು ಎಂದು ನಿರ್ಧರಿಸುವುದು ಒಂದು ಕಂಪ್ಯೂಟರ್ ಪೆಟ್ಟಿಗೆ. ಅದರ ಲೆಕ್ಕವನ್ನು ತಿದ್ದಿ ಬರೆದು ಎಳೆತ ಹೆಚ್ಚಿಸಿಕೊಡುವವರು ಪಟ್ಟಣಗಳಲ್ಲಿ ಇದ್ದಾರೆ. ಕೆಲವರು ಹೊಗೆ ಶುದ್ಧ ಮಾಡುವ ಭಾಗಗಳನ್ನೇ ತೆಗೆದುಹಾಕಲು ಹೇಳುತ್ತಾರೆ. ದಿನಬಳಕೆಯ ಗಾಡಿಗೆ ಇದು ಬೇಡ ಎಂಬುದು ನನ್ನ ಖಚಿತ ಅಭಿಪ್ರಾಯ. ಎಂಜಿನ್ನಿನ ಮೇಲಿನ ವಾರಂಟಿ ಕೈತಪ್ಪುತ್ತದೆ, ಹೊಗೆ ಪರೀಕ್ಷೆಯಲ್ಲಿ ತೊಂದರೆ, ಮತ್ತು ಕ್ಲಚ್ಚು, ಗೇರ್ ಬಾಕ್ಸು, ಹಿಂದಿನ ಆಕ್ಸಲ್ಲು ಹಳೆಯ ಶಕ್ತಿಗೇ ಮಾಡಿದವು. ಗಾಡಿ ಒಂದು ದಿನ ಗ್ಯಾರೇಜಿನಲ್ಲಿ ನಿಂತರೆ ಎರಡು ಹೊತ್ತಿನ ಹಾಲು ಬೇರೆಯವರ ಗಾಡಿಯ ದಾರಿ ಕಾಯಬೇಕು. ರೇಸಿನ ಗಾಡಿ ವಾರವಿಡೀ ಶೆಡ್ಡಿನಲ್ಲಿ ನಿಲ್ಲಬಹುದು, ಹಾಲಿನ ಗಾಡಿ ನಿಲ್ಲುವ ಹಾಗಿಲ್ಲ.

ಸ್ಪ್ರಿಂಗ್ ಪ್ಲೇಟು

ನಮ್ಮ ಕಡೆ ಅತಿ ಹೆಚ್ಚು ಮಾಡಿಸುವ ಬದಲಾವಣೆ ಇದು, ಅತಿ ಹೆಚ್ಚು ತಪ್ಪು ತಿಳಿವಳಿಕೆ ಇರುವುದೂ ಇದರಲ್ಲೇ. ಪ್ಲೇಟು ಹೆಚ್ಚಿಸಿದರೆ ಹೊರೆ ಹಾಕಿದಾಗ ಹಿಂಭಾಗ ತಗ್ಗುವುದಿಲ್ಲ. ತಗ್ಗಲಿಲ್ಲ ಎಂದ ಮಾತ್ರಕ್ಕೆ ಗಾಡಿಗೆ ಹೊರುವ ಶಕ್ತಿ ಬಂತು ಎಂದು ತಿಳಿಯಬಾರದು. ಚಾಸಿ ಅದೇ, ಆಕ್ಸಲ್ಲು ಅದೇ, ಬೇರಿಂಗು ಅದೇ, ಬ್ರೇಕು ಅದೇ, ಆರ್.ಸಿ.ಯಲ್ಲಿ ಬರೆದ ತೂಕವೂ ಅದೇ. ಮೊದಲು ಹಿಂಭಾಗ ಕುಸಿದು 'ಸಾಕು' ಎಂದು ಹೇಳುತ್ತಿತ್ತು. ಈಗ ಆ ಎಚ್ಚರಿಕೆಯ ಬಾಯಿ ಮುಚ್ಚಿಸಿದಿರಿ, ಅಷ್ಟೆ.

ಇನ್ನೂ ಒಂದು ಗುಟ್ಟು ಇದೆ. ಕೇಳಿದರೆ ಅನೇಕರು ಆಶ್ಚರ್ಯಪಡುತ್ತಾರೆ. ಕೆಲವು ಪಿಕಪ್‌ಗಳಲ್ಲಿ ಹಿಂದಿನ ಆಕ್ಸಲ್ಲಿಗೂ ಚಾಸಿಗೂ ನಡುವೆ ಒಂದು ಸಣ್ಣ ಕಡ್ಡಿ, ಅದಕ್ಕೆ ಸೇರಿದ ಒಂದು ವಾಲ್ವು ಇರುತ್ತದೆ. ಹೊರೆ ಬಿದ್ದು ಬಾಡಿ ತಗ್ಗಿದಾಗ ಆ ಕಡ್ಡಿ ಬಾಗಿ, ಹಿಂದಿನ ಚಕ್ರಗಳಿಗೆ ಬ್ರೇಕಿನ ಒತ್ತಡ ಹೆಚ್ಚು ಬಿಡು ಎಂದು ವಾಲ್ವಿಗೆ ತಿಳಿಸುತ್ತದೆ. ಖಾಲಿ ಇದ್ದಾಗ ಒತ್ತಡ ಕಡಿಮೆ ಮಾಡುತ್ತದೆ, ಇಲ್ಲವಾದರೆ ಹಗುರವಾದ ಹಿಂಭಾಗ ಜಾರೀತು ಎಂದು. ಪ್ಲೇಟು ಸೇರಿಸಿ ಬಾಡಿ ಎತ್ತರಿಸಿದರೆ ಏನಾಗುತ್ತದೆ? ಒಂದು ಟನ್ನು ಹೊರೆ ಇದ್ದರೂ ಗಾಡಿ ಖಾಲಿ ಎಂದೇ ವಾಲ್ವು ತಿಳಿಯುತ್ತದೆ. ಬೇಕಾದ ಹೊತ್ತಿನಲ್ಲಿ ಹಿಂದಿನ ಬ್ರೇಕು ಅರ್ಧ ಮನಸ್ಸಿನಿಂದ ಕೆಲಸ ಮಾಡುತ್ತದೆ. ಪ್ಲೇಟು ಹಾಕಿಸಲೇಬೇಕೆಂದಿದ್ದರೆ, ಈ ವಾಲ್ವು ನಿಮ್ಮ ಗಾಡಿಯಲ್ಲಿದೆಯೇ, ಅದನ್ನು ಮತ್ತೆ ಹೊಂದಿಸುವವರು ಯಾರು ಎಂದು ಮೊದಲು ಕಂಪನಿಯ ಸರ್ವೀಸ್ ಕೇಂದ್ರದಲ್ಲಿ ಕೇಳಿ. ಉತ್ತರ ಸಿಗದ ಜಾಗದಲ್ಲಿ ಆ ಕೆಲಸ ಮಾಡಿಸಬೇಡಿ.

ಗಟ್ಟಿ ಸ್ಪ್ರಿಂಗಿನ ಗಾಡಿ ಖಾಲಿ ಓಡುವಾಗ ಹಿಂಭಾಗ ಪುಟಿಯುತ್ತದೆ, ನೆಲದ ಹಿಡಿತ ತಪ್ಪುತ್ತದೆ. ಗಾಡಿಯಲ್ಲಿ ನಿಂತ ಹಸುವಿಗೂ ಆ ಕುಲುಕಾಟ ಕಾಲಿನ ಕೀಲುಗಳಿಗೆ ನೇರವಾಗಿ ತಟ್ಟುತ್ತದೆ. ಹಳೆಯ ಪ್ಲೇಟುಗಳೇ ಸೋತು ಚಪ್ಪಟೆಯಾಗಿದ್ದರೆ, ಹೆಚ್ಚುವರಿ ಸೇರಿಸುವ ಬದಲು ಕಂಪನಿಯ ಅಳತೆಯ ಹೊಸ ಸೆಟ್ಟು, ಜೊತೆಗೆ ಹೊಸ ಶಾಕ್ ಅಬ್ಸಾರ್ಬರು ಹಾಕಿಸುವುದು ಲೇಸು.

ಟೈರು ಮತ್ತು ಬ್ರೇಕು

ಹಣ ಹಾಕುವುದಾದರೆ ಇಲ್ಲಿ ಹಾಕಿ. ಟೈರಿನ ಪಕ್ಕೆಯ ಮೇಲೆ ಅಳತೆಯ ನಂತರ 102/100 ಎಂಬಂಥ ಅಂಕಿ ಇರುತ್ತದೆ. ಇದು ಹೊರೆಯ ಸಂಕೇತ. 102 ಎಂದರೆ ಆ ಟೈರು ಒಂಟಿಯಾಗಿ 850 ಕಿಲೋ, 100 ಎಂದರೆ ಜೋಡಿಯಲ್ಲಿದ್ದಾಗ ತಲಾ 800 ಕಿಲೋ ಹೊರಬಲ್ಲದು. ಹಿಂದೆ ಎರಡೇ ಟೈರಿರುವ ಪಿಕಪ್‌ಗೆ 850ರಂತೆ ಒಟ್ಟು 1,700 ಕಿಲೋ. ಇದರಲ್ಲಿ ಗಾಡಿಯ ಸ್ವಂತ ತೂಕದ ಪಾಲೂ ಸೇರಿದೆ. ನೋಡಲು ದಪ್ಪಗಿದೆ ಎಂದು ಕಾರಿನ ಅಗಲ ಟೈರು ತಂದು ಹಾಕಿದರೆ ಈ ಅಂಕಿ ಕಡಿಮೆಯಾಗಿರುವ ಸಾಧ್ಯತೆ ಉಂಟು. 95 ಎಂದಿದ್ದರೆ 690 ಕಿಲೋ ಮಾತ್ರ. ಹಾಗೆಯೇ ನಾಲ್ಕು ಅಂಕಿಯ ಇನ್ನೊಂದು ಗುರುತು ತಯಾರಾದ ದಿನ ಹೇಳುತ್ತದೆ. 2322 ಎಂದಿದ್ದರೆ 2022ನೇ ಇಸವಿಯ 23ನೇ ವಾರ. ಅಂಗಡಿಯಲ್ಲಿ ಔಷಧಿ ಬಾಟಲಿಯ ತಾರೀಖು ನೋಡುವವರು ಇದನ್ನೂ ನೋಡಿ.

ಎತ್ತರದ ಟೈರು ಹಾಕಿದರೆ ಮೀಟರು ಸುಳ್ಳು ಹೇಳುತ್ತದೆ. ಟೈರಿನ ವ್ಯಾಸ ನೂರಕ್ಕೆ ಐದು ಹೆಚ್ಚಾದರೆ, ಮೀಟರಿನಲ್ಲಿ 60 ತೋರಿಸುವಾಗ ಗಾಡಿ 63ರಲ್ಲಿ ಓಡುತ್ತಿರುತ್ತದೆ. ಏರಿನಲ್ಲಿ ಎಳೆತವೂ ಕುಗ್ಗುತ್ತದೆ. ಎಳೆತ ಸಾಲದು ಎಂದು ಪಂಪು ತಿರುಗಿಸಿದವರೇ ದೊಡ್ಡ ಟೈರು ಹಾಕಿ ಅದನ್ನು ಕಳೆದುಕೊಳ್ಳುವುದನ್ನು ಕಂಡಿದ್ದೇನೆ.

ಬ್ರೇಕಿನ ವಿಷಯದಲ್ಲಿ ಒಂದು ಸಣ್ಣ ಗಣಿತ. ವೇಗ 40ರಿಂದ 60 ಕಿಲೋಮೀಟರಿಗೆ ಏರಿದರೆ ಒಂದೂವರೆ ಪಟ್ಟು. ಆದರೆ ನಿಲ್ಲಿಸುವಾಗ ಬ್ರೇಕು ನುಂಗಬೇಕಾದ ಶಕ್ತಿ ಎರಡೂಕಾಲು ಪಟ್ಟು. ಮೇಲೆ ತೂಕವೂ ಹೆಚ್ಚಿದ್ದರೆ ಅದಕ್ಕೆ ತಕ್ಕಂತೆ ಇನ್ನೂ ಏರುತ್ತದೆ. ಅಷ್ಟೂ ಶಕ್ತಿ ಕಾವಾಗಿ ಹೋಗಬೇಕು. ಬ್ರೇಕ್ ಎಣ್ಣೆ ಗಾಳಿಯ ತೇವ ಹೀರಿಕೊಳ್ಳುತ್ತದೆ. ತೇವ ಸೇರಿದ ಎಣ್ಣೆ ಬೇಗ ಕುದಿದು, ಪೆಡಲು ಒತ್ತಿದರೆ ಕಾಲು ನೆಲಕ್ಕೆ ಹೋಗುತ್ತದೆ. ಬಯಲುಸೀಮೆಯಲ್ಲಿ ಇದು ತಿಳಿಯದೆ ಇರಬಹುದು. ಶಿರಾಡಿ, ಚಾರ್ಮಾಡಿಯಂಥ ಘಾಟಿಯಲ್ಲಿ ಹೊರೆ ಹೊತ್ತು ಇಳಿಯುವಾಗ ತಿಳಿದರೆ ತಡವಾಗಿರುತ್ತದೆ. ಪುಸ್ತಕದಲ್ಲಿ ಹೇಳಿದ ಅವಧಿಗೆ ಎಣ್ಣೆ ಬದಲಾಯಿಸಿ, ಇಳಿಜಾರಿನಲ್ಲಿ ಹತ್ತುವ ಗೇರಿನಲ್ಲೇ ಇಳಿಯಿರಿ, ಡೀಸೆಲ್ ಉಳಿಸಲೆಂದು ನ್ಯೂಟ್ರಲ್ ಮಾಡಬೇಡಿ.

ನೀರಿನ ಟ್ಯಾಂಕು ಸಾಗಿಸುವವರಿಗೆ ಒಂದು ಮಾತು. ಅರ್ಧ ತುಂಬಿದ ಟ್ಯಾಂಕು ಪೂರ್ತಿ ತುಂಬಿದ್ದಕ್ಕಿಂತ ಹಗುರ, ಆದರೆ ತಿರುವಿನಲ್ಲಿ ನೀರೆಲ್ಲ ಒಂದು ಪಕ್ಕಕ್ಕೆ ನುಗ್ಗುತ್ತದೆ. ಟ್ಯಾಂಕನ್ನು ಕ್ಯಾಬಿನ್ನಿಗೆ ಒತ್ತಿ ಕಟ್ಟಿ, ಹಿಂದಿನ ಬಾಗಿಲಿಗೆ ಅಲ್ಲ. ಹಿಂದಿನ ಚಕ್ರದ ಆಚೆ ಭಾರ ಬಿದ್ದರೆ ಮುಂಭಾಗ ಹಗುರಾಗಿ ಸ್ಟೀರಿಂಗು ಹಿಡಿತಕ್ಕೆ ಸಿಗುವುದಿಲ್ಲ.

ಲೈಟು, ಹಾರನ್ನು

ನಸುಕಿನಲ್ಲಿ ಹಾಲು ಸಾಗಿಸುವವರಿಗೆ ಬೆಳಕು ಬೇಕು, ನಿಜ. ಆದರೆ 60 ವ್ಯಾಟಿನ ಬಲ್ಬಿನ ಜಾಗದಲ್ಲಿ 100 ವ್ಯಾಟಿನದು ಹಾಕಿದರೆ, ಎರಡು ಬಲ್ಬಿಗೆ 10 ಆಂಪಿಯರ್ ಹೊರುತ್ತಿದ್ದ ತಂತಿ ಸುಮಾರು 17 ಆಂಪಿಯರ್ ಹೊರಬೇಕು. ತಂತಿ, ಸ್ವಿಚ್ಚು ಕಾದು ಸುಡುತ್ತವೆ; ಹಿಂದೆ ಒಣ ಹುಲ್ಲು ತುಂಬಿದ್ದರೆ ಹೇಳುವುದೇ ಬೇಡ. ಗಾಜು ಒರೆಸಿ, ಮಸುಕಾದ ಲೈಟಿನ ಸೆಟ್ಟು ಬದಲಿಸಿ, ಬೆಳಕು ಬೀಳುವ ಎತ್ತರ ಸರಿಮಾಡಿಸಿ. ಹಿಂದೆ ಮತ್ತು ಪಕ್ಕಕ್ಕೆ ಹೊಳೆಯುವ ಟೇಪು ಅಂಟಿಸಿ. ಬಹುಸ್ವರದ ಕರ್ಕಶ ಹಾರನ್ನಿಗೆ ಕಾನೂನಿನಲ್ಲಿ ಅವಕಾಶವಿಲ್ಲ. ಅಂಜಿದ ಹಸುವಿನ ರಕ್ತದಲ್ಲಿ ಅಡ್ರಿನಲಿನ್ ಏರಿದರೆ ಆಕ್ಸಿಟೋಸಿನ್ ಕೆಲಸ ಮಾಡದೆ, ಆ ಹೊತ್ತು ಅದು ಹಾಲು ಇಳಿಸುವುದಿಲ್ಲ. ಕೊಟ್ಟಿಗೆಯ ಪಕ್ಕದಲ್ಲೇ ಅಂಥ ಹಾರನ್ನು ಬಾರಿಸುವವರು ಇದನ್ನು ಗಮನಿಸಬೇಕು.

ಹಸುವಿಗಾಗಿ ಮಾಡುವ ಬದಲಾವಣೆ

ನನ್ನ ಮಟ್ಟಿಗೆ ಪಿಕಪ್‌ಗೆ ಮಾಡಿಸಬಹುದಾದ ಅತಿ ಉತ್ತಮ ಬದಲಾವಣೆ ಬಾಡಿಯ ನೆಲದ್ದು. ನುಣುಪಾದ ತಗಡಿನ ಮೇಲೆ ಮೂತ್ರ ಬಿದ್ದರೆ ಹಸುವಿನ ಗೊರಸು ನಿಲ್ಲುವುದಿಲ್ಲ. ಒಮ್ಮೆ ಹಿಂಗಾಲು ಅಗಲವಾಗಿ ಜಾರಿದರೆ ತೊಡೆಯ ಒಳಗಿನ ಸ್ನಾಯು ಹರಿದು, ಎಪ್ಪತ್ತು ಎಂಬತ್ತು ಸಾವಿರ ಕೊಟ್ಟು ತಂದ ಹಸು ಮತ್ತೆ ಏಳದೆ ಹೋಗಬಹುದು. ಗೆರೆ ಇರುವ ರಬ್ಬರ್ ಮ್ಯಾಟು, ಅದರ ಮೇಲೆ ರಾಗಿ ಹುಲ್ಲು ಅಥವಾ ಭತ್ತದ ಹುಲ್ಲು ಹರಡಿದರೆ ಸಾಕು. 1978ರ ಪ್ರಾಣಿ ಸಾಗಣೆ ನಿಯಮಗಳು ನೆಲಕ್ಕೆ ಜಾರದ ಹಾಸು ಇರಬೇಕು, ಬಾಡಿಯ ಪಕ್ಕ ತಗ್ಗಾಗಿದ್ದರೆ ಎತ್ತರಿಸಬೇಕು, ಒಬ್ಬ ಆಳು ಜೊತೆಗಿರಬೇಕು, ಹಸುವಿನ ಜೊತೆ ಬೇರೆ ಸರಕು ಹಾಕಬಾರದು ಎನ್ನುತ್ತವೆ. ಹಸು ಎಂಜಿನ್ನಿನ ಕಡೆ ಮುಖ ಮಾಡಿ ನಿಂತರೆ ಒಳ್ಳೆಯದು ಎಂದೂ ಹೇಳುತ್ತವೆ.

2015ರಲ್ಲಿ ಕೇಂದ್ರ ಮೋಟಾರು ವಾಹನ ನಿಯಮಗಳಿಗೆ ಸೇರಿದ 125-ಇ ನಿಯಮದಂತೆ ಒಂದು ಹಸು ಅಥವಾ ಎಮ್ಮೆಗೆ 2 ಚದರ ಮೀಟರ್ ಜಾಗ ಬೇಕು, ಅಂದರೆ ಸುಮಾರು 21.5 ಚದರ ಅಡಿ. ನಿಮ್ಮ ಬಾಡಿ ಎಂಟೂವರೆ ಅಡಿ ಉದ್ದ, ಐದೂವರೆ ಅಡಿ ಅಗಲ ಇದ್ದರೆ ಒಟ್ಟು 46.75 ಚದರ ಅಡಿ. ಎರಡು ಹಸು. ಮೂರನೆಯದಕ್ಕೆ ಜಾಗವಿಲ್ಲ. ಚಿಕ್ಕ ಗಾಡಿಯಾದರೆ ಒಂದೇ. ಬಾಡಿಯಲ್ಲಿ ನಿಂತ ಹಸುವಿನ ಭಾರ ಮೂಟೆಯ ಹಾಗೆ ನೆಲಕ್ಕೆ ಅಂಟಿ ಕೂರುವುದಿಲ್ಲ, ಎತ್ತರದಲ್ಲಿರುತ್ತದೆ, ಅಲುಗಾಡುತ್ತದೆ. ತಿರುವಿನಲ್ಲಿ ಗಾಡಿ ವಾಲುವುದು ಇದರಿಂದಲೇ. ಎರಡು ಹಸುಗಳ ನಡುವೆ ಕಳಚಿ ಇಡಬಹುದಾದ ಒಂದು ಪೈಪಿನ ಅಡ್ಡ ಇದ್ದರೆ ಒಂದರ ಮೇಲೊಂದು ಬೀಳುವುದು ತಪ್ಪುತ್ತದೆ. ಪೈಪಿನ ತುದಿ ಮುಚ್ಚಿರಲಿ, ಬೋಲ್ಟಿನ ಮೂತಿ ಒಳಗೆ ಚಾಚದಿರಲಿ. ಮೂಗುದಾರಕ್ಕೆ ಕಟ್ಟಬೇಡಿ, ಮುಖಕ್ಕೆ ಹಗ್ಗದ ಕುಣಿಕೆ ಮಾಡಿ ಕಟ್ಟಿ.

ಹತ್ತಿಸುವ ಹಲಗೆ ಬಾಡಿಯ ಎತ್ತರದ ಮೂರು ಪಟ್ಟು ಉದ್ದ ಇರಬೇಕು. ಬಾಡಿ ಎರಡೂಮುಕ್ಕಾಲು ಅಡಿ ಎತ್ತರ ಇದ್ದರೆ ಎಂಟು ಅಡಿಗಿಂತ ಕಡಿಮೆ ಬೇಡ. ಅಡ್ಡಪಟ್ಟಿ ಹೊಡೆಸಿ. ಗಾಡಿಯಲ್ಲಿ ಅಷ್ಟುದ್ದದ ಹಲಗೆ ಹೊರಲಾಗದು ಎನ್ನುವವರು ಊರಲ್ಲಿ ಒಂದು ಮಣ್ಣಿನ ದಿಬ್ಬ ಮಾಡಿಕೊಂಡು ಗಾಡಿಯ ಹಿಂಭಾಗ ಅದಕ್ಕೆ ಒತ್ತಿ ನಿಲ್ಲಿಸಬಹುದು. ನಾಲ್ಕು ಜನ ಸೇರಿದರೆ ಒಂದು ದಿನದ ಕೆಲಸ. ಸಂಘದ ಕಟ್ಟಡದ ಬಳಿ ಇದ್ದರೆ ಎಲ್ಲರಿಗೂ ಉಪಯೋಗ.

ಹೊಗೆ ಕೊಳವೆಯನ್ನು ಸದ್ದಿಗಾಗಿ ಮಧ್ಯದಲ್ಲೇ ಕತ್ತರಿಸಿದ ಗಾಡಿಯಲ್ಲಿ ಟಾರ್ಪಾಲು ಮುಚ್ಚಿ ಹಸು ಸಾಗಿಸಲೇಬಾರದು. ಆ ವಿಷಗಾಳಿ ಒಳಗೇ ಸುತ್ತುತ್ತದೆ. ಈದು 72 ಗಂಟೆ ಆಗದ ಹಸುವನ್ನೂ ದಾರಿಯಲ್ಲಿ ಈಯುವಂತಿರುವ ಹಸುವನ್ನೂ ಹತ್ತಿಸಬೇಡಿ. ಹಾಲು ಜ್ವರದಿಂದ ಮಲಗಿದ ಹಸುವನ್ನು ಗಾಡಿಗೆ ಎಳೆದು ಹಾಕುವ ಬದಲು ವೈದ್ಯರನ್ನೇ ಕರೆಸಿ.

ಕಾನೂನು ಮತ್ತು ವಿಮೆ

1988ರ ಮೋಟಾರು ವಾಹನ ಕಾಯ್ದೆಯ 52ನೇ ಕಲಮಿನ ಪ್ರಕಾರ ಆರ್.ಸಿ.ಯಲ್ಲಿರುವ ವಿವರಗಳು ತಯಾರಕರು ನಿಗದಿಪಡಿಸಿದ್ದಕ್ಕಿಂತ ಬೇರೆಯಾಗುವಂತೆ ಗಾಡಿಯನ್ನು ಮಾರ್ಪಡಿಸುವಂತಿಲ್ಲ. ಕೇರಳದ ಒಂದು ಪ್ರಕರಣದಲ್ಲಿ 2019ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ ಇದನ್ನೇ ಎತ್ತಿ ಹಿಡಿಯಿತು. ಅದೇ ವರ್ಷದ ತಿದ್ದುಪಡಿಯು ಕಾನೂನುಬಾಹಿರ ಮಾರ್ಪಾಡು ಒಂದೊಂದಕ್ಕೂ 5,000 ರೂಪಾಯಿ ದಂಡ ಅಥವಾ ಆರು ತಿಂಗಳವರೆಗಿನ ಶಿಕ್ಷೆಯನ್ನೂ, ಮಿತಿಮೀರಿದ ಹೊರೆಗೆ 20,000 ರೂಪಾಯಿಯ ಜೊತೆಗೆ ಹೆಚ್ಚುವರಿ ಟನ್ನಿಗೆ 2,000 ರೂಪಾಯಿಯನ್ನೂ ಸೇರಿಸಿತು. ದಂಡ ಕಟ್ಟಿ ಮರೆಯಬಹುದು. ಅಪಘಾತವಾದ ದಿನ ವಿಮಾ ಕಂಪನಿಯವರು ಗಾಡಿಯ ಸುತ್ತ ಒಂದು ಸುತ್ತು ಬಂದು, ಇದನ್ನು ನಮಗೆ ತಿಳಿಸಿದ್ದಿರಾ ಎಂದು ಕೇಳುತ್ತಾರಲ್ಲ, ಆ ಪ್ರಶ್ನೆಗೆ ಉತ್ತರ ಇಲ್ಲದಿದ್ದರೆ ಸಾಲದ ಕಂತು ಮಾತ್ರ ಉಳಿಯುತ್ತದೆ. ಬಾಡಿ ಎತ್ತರಿಸುವುದಾದರೆ ಆರ್.ಟಿ.ಒ. ಕಚೇರಿಯಲ್ಲಿ ವಿಚಾರಿಸಿ, ವಿಮಾ ಕಂಪನಿಗೆ ಬರೆದು ತಿಳಿಸಿ, ಆ ಕಾಗದದ ಪ್ರತಿ ಇಟ್ಟುಕೊಳ್ಳಿ.

ಯಾವುದನ್ನು ಮಾಡಿಸಿದರೂ ಒಂದು ಸಲಕ್ಕೆ ಒಂದೇ ಬದಲಾವಣೆ ಮಾಡಿಸಿ, ಹದಿನೈದು ದಿನ ಓಡಿಸಿ ನೋಡಿ. ಡೀಸೆಲ್ ಎಷ್ಟು ಹೋಯಿತು, ಟೈರು ಒಂದೇ ಕಡೆ ಸವೆಯುತ್ತಿದೆಯೇ ಎಂದು ಬರೆದಿಡಿ. ಮೂರು ಒಟ್ಟಿಗೆ ಮಾಡಿಸಿದರೆ, ತೊಂದರೆ ಬಂದಾಗ ಯಾವುದರಿಂದ ಬಂತು ಎಂದು ಮೆಕ್ಯಾನಿಕ್‌ಗೂ ತಿಳಿಯದು.

ತೊಳೆಯುವ ವಿಷಯ

ಹಸು ಸಾಗಿಸಿದ ಬಾಡಿಯಲ್ಲೇ ಮರುದಿನ ಬೆಳಿಗ್ಗೆ ಹಾಲಿನ ಕ್ಯಾನು ಹೋಗುತ್ತದೆ. ಸಂತೆಯಿಂದ ಬಂದ ಗಾಡಿ ಕಾಲುಬಾಯಿ ಜ್ವರವನ್ನು ಮನೆಗೆ ತರಬಲ್ಲದು. ಮೊದಲು ಸಗಣಿ, ಹುಲ್ಲು ಗುಡಿಸಿ ನೀರಿನಿಂದ ತೊಳೆದು, ನಂತರ ಲೀಟರಿಗೆ 40 ಗ್ರಾಂ ವಾಷಿಂಗ್ ಸೋಡ ಕರಗಿಸಿದ ನೀರನ್ನು ಬಾಡಿಗೂ ಚಕ್ರಗಳಿಗೂ ಹಾಕಿ, ಸ್ವಲ್ಪ ಹೊತ್ತು ಬಿಟ್ಟು ತೊಳೆಯಿರಿ. ಅದೇ ನೀರನ್ನು ಅಲ್ಯೂಮಿನಿಯಂ ಕ್ಯಾನಿಗೆ ಹಾಕಬೇಡಿ, ಲೋಹವನ್ನು ತಿನ್ನುತ್ತದೆ. ಫಿನಾಯಿಲ್ ಬೇಡ, ಹಾಲು ವಾಸನೆ ಹಿಡಿಯುತ್ತದೆ. ಡೀಸೆಲ್ ಡಬ್ಬಿಯನ್ನು ಕ್ಯಾನಿನ ಪಕ್ಕ ಇಡಬಾರದ್ದೂ ಇದೇ ಕಾರಣಕ್ಕೆ. ರಬ್ಬರ್ ಮ್ಯಾಟನ್ನು ವಾರಕ್ಕೊಮ್ಮೆ ಎತ್ತಿ ಬಿಸಿಲಿಗೆ ಹಾಕಿ, ಅದರ ಅಡಿಯ ತಗಡು ತುಕ್ಕು ಹಿಡಿದಿದೆಯೇ ನೋಡಿ. ಮೂತ್ರ ಇಳಿದು ನಿಲ್ಲುವುದು ಅಲ್ಲಿಯೇ.